ದೊಡ್ಡಮ್ಮಣ್ಣಿಯ ಮುನಿಸು

ನಮ್ಮೂರಿನಲ್ಲಿ ಬೇಸಿಗೆ ತಾನಾಗಿ ಬರುವುದಿಲ್ಲ. ಅದಕ್ಕೊಬ್ಬ ಅಧಿಕಾರಿ ಬೇಕು, ಮೂರು ಪ್ರತಿಗಳಲ್ಲಿ ಆದೇಶ ಬೇಕು, ಅದರ ಮೇಲೆ ಮೊಹರು ಬೇಕು. ಆರು ವರ್ಷ ಆ ಅಧಿಕಾರಿ ನಾನಾಗಿದ್ದೆ. ‘ಪಂಕಜಾಕ್ಷಿ, ಬೇಸಿಗೆ ಅಧಿಕಾರಿ, ಪುರಸಭೆ’ ಎಂಬ ಹಲಗೆ ನನ್ನ ಮೇಜಿನ ಮೇಲಿತ್ತು. ಬೇರೆ ಊರಿನ ನೆಂಟರು ಅದನ್ನು ಓದಿ ನಗುತ್ತಿದ್ದರು. ಹಾಗೆ ನಕ್ಕವರೇ ಮಾರ್ಚ್ ತಿಂಗಳಲ್ಲಿ ಬಂದರೆ ಬಸ್ಸಿಳಿದ ಕೂಡಲೇ ಸ್ವೆಟರ್ ತೊಡಬೇಕಾಗುತ್ತಿತ್ತು. ಆಮೇಲೆ ಅಷ್ಟಾಗಿ ನಗುತ್ತಿರಲಿಲ್ಲ.

ನಿಯಮ ಬಹಳ ಸರಳ. ಚಳಿಮನೆಯಲ್ಲಿರುವ ಬಳೆಬಾಲಗಳು ಬೇಲಿಕಾಡಿಗೆ ಇಳಿಯುವ ತನಕ ಊರಿನಲ್ಲಿ ಚಳಿಗಾಲ. ಪುಸ್ತಕಗಳಲ್ಲಿ ಅವಕ್ಕೆ ಲೀಮರ್ ಎಂದು ಹೆಸರು. ನರಿಯ ಮೋರೆ, ಕಿತ್ತಳೆ ಬಣ್ಣದ ಕಣ್ಣು, ಮೈಗಿಂತ ಉದ್ದನೆಯ ಬಾಲ. ಬಾಲದ ತುದಿಯವರೆಗೂ ಕಪ್ಪು ಬಿಳಿ ಬಳೆ ತೊಡಿಸಿದ ಹಾಗೆ ಪಟ್ಟೆ. ಅವು ಚಳಿ ತಡೆಯವು. ದೀಪಾವಳಿ ಕಳೆಯುತ್ತಲೇ ಅವನ್ನು ಕಾಡಿನಿಂದ ಕರೆದು ಬಿಸಿದೀಪಗಳಿರುವ ಚಳಿಮನೆಯೊಳಗೆ ಸೇರಿಸುತ್ತೇವೆ. ಅವು ಒಳಗೆ ಬಂದ ದಿನ ಊರಿಗೆ ಚಳಿಗಾಲ, ಹೊರಗೆ ಹೋದ ದಿನ ಬೇಸಿಗೆ. ನಡುವೆ ಸೂರ್ಯ ಏನು ಮಾಡಿದರೂ ಅದು ಅವನ ಖಾಸಗಿ ವಿಷಯ.

ಚಳಿಗಾಲ ಇರುವಷ್ಟು ದಿನ ಮನೆಯಿಂದ ಹೊರಗೆ ಕಾಲಿಟ್ಟವರು ಸ್ವೆಟರ್ ತೊಟ್ಟಿರಬೇಕು. ಫ್ಯಾನಿನ ಸ್ವಿಚ್ಚಿಗೆ ಪುರಸಭೆಯ ಚೀಟಿ ಅಂಟಿಸಿರುತ್ತದೆ, ಅದು ಹರಿಯಬಾರದು. ಮಜ್ಜಿಗೆ ಮಾರುವಂತಿಲ್ಲ. ಜನ ಇದಕ್ಕೆಲ್ಲ ಹೊಂದಿಕೊಂಡಿದ್ದರು. ಮಜ್ಜಿಗೆಯ ಅಂಗಡಿಯಲ್ಲಿ ‘ಬಿಳಿ ಕಷಾಯ’ ಎಂದು ಕೇಳಿದರೆ ಇಂಗು, ಕರಿಬೇವು ಹಾಕಿದ ತಣ್ಣನೆಯ ಕಷಾಯ ಕೊಡುತ್ತಿದ್ದರು. ಹೆಚ್ಚಿನವರು ಮುಂಗಡೆ ಸ್ವೆಟರ್ ತೊಡುತ್ತಿದ್ದರು. ಅಂದರೆ ಎದೆ ಹೊಟ್ಟೆಗಳ ಮೇಲೆ ಮಾತ್ರ ಉಣ್ಣೆ, ಬೆನ್ನಿನ ಕಡೆ ಎರಡು ಲಾಡಿ. ಪೇದೆ ಎದುರಿನಿಂದ ಬರುವವರನ್ನಷ್ಟೇ ನೋಡುತ್ತಿದ್ದ. ಹಿಂತಿರುಗಿ ನೋಡಬೇಕೆಂದು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ.

ಬೇಸಿಗೆಯನ್ನು ತರುವ ಕೆಲಸ ನನ್ನದು ಎಂದೆನಲ್ಲ, ಅದು ಕಾಗದದ ಮೇಲಿನ ಮಾತು. ನಿಜವಾಗಿ ತರುತ್ತಿದ್ದವಳು ಗಂಗಹನುಮಕ್ಕ. ಚಳಿಮನೆಯಲ್ಲಿ ಹನ್ನೆರಡು ವರ್ಷದಿಂದ ಪ್ರಾಣಿ ನೋಡಿಕೊಳ್ಳುತ್ತಿದ್ದ ನಲವತ್ತೈದರ ಹೆಂಗಸು. ಫೆಬ್ರುವರಿಯಿಂದಲೇ ತಯಾರಿ ಶುರುವಾಗುತ್ತಿತ್ತು. ಬಳೆಬಾಲಗಳು ತಿಂಗಳುಗಟ್ಟಲೆ ಒಳಗೆ ಕುಳಿತು ಮೈ ಬೆಳೆಸಿಕೊಂಡಿರುತ್ತವೆ. ಅವಳು ಬಾಳೆಹಣ್ಣು ಕಡಿಮೆ ಮಾಡಿ ಸೊಪ್ಪು ಹೆಚ್ಚಿಸುತ್ತಿದ್ದಳು. ಗೆಣಸಿನ ಚೂರುಗಳನ್ನು ಸೂರಿಗೆ ಕಟ್ಟಿದ ಹಗ್ಗಗಳ ಮೇಲೆ ಸಿಕ್ಕಿಸಿ, ಹತ್ತಿ ತಿನ್ನಲಿ ಎಂದು ಬಿಡುತ್ತಿದ್ದಳು. ಪಶುವೈದ್ಯೆ ಡಾಕ್ಟರ್ ಮುನೀರಾ ವಾರಕ್ಕೊಮ್ಮೆ ಬಂದು ಒಂದೊಂದನ್ನೂ ತೂಗಿ, ಹಲ್ಲು ಉಗುರು ನೋಡಿ, ಕೊರಳಿಗೆ ಒಂದೊಂದು ಬಣ್ಣದ ಪಟ್ಟಿ ಕಟ್ಟುತ್ತಿದ್ದರು. ಬೇಲಿಕಾಡಿನೊಳಗೆ ಉಮ್ಮತ್ತಿ, ಕಣಗಿಲೆಯಂಥ ವಿಷದ ಗಿಡ ಎದ್ದಿದ್ದರೆ ಬುಡಸಮೇತ ಕೀಳಬೇಕು. ಹನ್ನೆರಡು ಎಕರೆಯ ಸುತ್ತ ನಡೆದು ಕರೆಂಟು ತಂತಿ ನೋಡಬೇಕು. ಬೇಲಿಯ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸಬೇಕು. ಈ ಕೊಂಬೆ ಕಡಿಸುವುದು ಮಾತ್ರ ಬೇಸಿಗೆ ಅಧಿಕಾರಿಯ ಸ್ವಂತ ಜವಾಬ್ದಾರಿ ಎಂದು ನಿಯಮಾವಳಿಯಲ್ಲಿತ್ತು. ಉಳಿದಂತೆ ನಾನು ನೆರಳಿನಲ್ಲಿ ನಿಂತು, “ಹಾಂ, ಹಾಗೇ, ಚೆನ್ನಾಗಿ ಮಾಡು” ಎನ್ನುತ್ತಿದ್ದೆ.

ಎಲ್ಲ ಮುಗಿದ ಮೇಲೆ ಕಡೆಯ ಪರೀಕ್ಷೆ ಎಂದರೆ ಕರೆಯುವುದು. ಚಳಿಮನೆಗೆ ಅಂಟಿದಂತೆ ಜಾಲರಿ ಕಟ್ಟಿದ ಅಂಗಳವೊಂದಿದೆ. ಬಳೆಬಾಲಗಳನ್ನು ಅಲ್ಲಿಗೆ ಬಿಟ್ಟು, ಬಿಸಿಲು ಕಾಯಿಸಲು ಅವಕಾಶ ಕೊಟ್ಟು, ಆಮೇಲೆ ಒಳಗೆ ಕರೆಯಬೇಕು. ಹದಿನಾಲ್ಕಕ್ಕೆ ಹದಿನಾಲ್ಕೂ ಬರಬೇಕು. ಹೀಗೆ ಮೂರು ದಿನ ಬಂದರೆ ಮಾತ್ರ ಕಾಡಿನ ಬಾಗಿಲು ತೆರೆಯುವುದು. ಏಕೆಂದರೆ ಕಾಡಿಗೆ ಇಳಿದ ಮೇಲೆ ಬಿರುಗಾಳಿ ಬಂದರೂ, ಒಂದಕ್ಕೆ ಕಾಲು ಮುರಿದರೂ, ಅವನ್ನು ಹಿಡಿದು ತರಲು ಯಾರಿಂದಲೂ ಆಗದು. ಕರೆದಾಗ ಅವೇ ಬರಬೇಕು.

ಆ ವರ್ಷ ಅವು ಬರಲಿಲ್ಲ.

ಆ ಚಳಿಗಾಲಕ್ಕೆ ಮುಂಚೆ ನಾನು ಒಂದು ಸುಧಾರಣೆ ತಂದಿದ್ದೆ. ಮನುಷ್ಯರ ಕೂಗಿನ ಬದಲು ಎಲೆಕ್ಟ್ರಿಕ್ ಸೀಟಿ. ಗುಂಡಿ ಒತ್ತಿದರೆ ಮೂರು ಸಲ ಒಂದೇ ಶ್ರುತಿಯಲ್ಲಿ ಊದುತ್ತದೆ, ಸಂಬಳ ರಜೆ ಕೇಳುವುದಿಲ್ಲ ಎಂದು ಸಭೆಯಲ್ಲಿ ವಿವರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ದೀಪಾವಳಿ ಕಳೆದು ಚಳಿ ಬಿದ್ದಾಗ ಅವು ಒಳಗೆ ಬಂದದ್ದು ಚಳಿ ತಾಳಲಾರದೆ. ನಾನು ಸೀಟಿಯಿಂದ ಎಂದು ಬರೆದುಕೊಂಡೆ. ಈಗ ಅಂಗಳದಲ್ಲಿ ಹದವಾದ ಬಿಸಿಲು. ಗಂಗಹನುಮಕ್ಕ ಗುಂಡಿ ಒತ್ತಿದಳು. ಗಂಡುಗಳು ಐದೂ ಕಡಲೆಕಾಯಿಯ ಆಸೆಗೆ ಓಡಿಬಂದವು. ಗುಂಪಿನ ಹಿರಿಯ ಹೆಣ್ಣು ದೊಡ್ಡಮ್ಮಣ್ಣಿ ಕಟ್ಟೆಯ ಮೇಲೆ ಕಾಲು ಚಾಚಿ, ಕೈ ಎರಡೂ ಅಗಲಿಸಿ, ಹೊಟ್ಟೆಗೆ ಬಿಸಿಲು ಕಾಯಿಸುತ್ತಾ ಕುಳಿತೇ ಇದ್ದಳು. ಅವಳು ಏಳದ್ದರಿಂದ ಉಳಿದ ಎಂಟು ಹೆಣ್ಣುಗಳೂ ಏಳಲಿಲ್ಲ.

ಬಳೆಬಾಲಗಳಲ್ಲಿ ಹೆಣ್ಣಿನದೇ ಯಜಮಾನಿಕೆ. ಹೆಣ್ಣು ತಿಂದು ಬಿಟ್ಟದ್ದನ್ನು ಗಂಡು ತಿನ್ನಬೇಕು, ಹೆಣ್ಣು ಬಂದರೆ ಜಾಗ ಬಿಟ್ಟು ಏಳಬೇಕು. ನಮ್ಮೂರಿನ ಗಂಡಸರು ಜಾಲರಿಯಾಚೆಯಿಂದ ಇದನ್ನು ನೋಡಿ, “ಪಾಪ, ಪ್ರಾಣಿ, ತಿಳಿವಳಿಕೆ ಇಲ್ಲ” ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಮನೆಗೆ ಹೋಗುತ್ತಿದ್ದರು. ಇಪ್ಪತ್ತಮೂರು ವರ್ಷದ ದೊಡ್ಡಮ್ಮಣ್ಣಿ ಎಲ್ಲರಿಗೂ ಅಜ್ಜಿ. ಎಡಗಣ್ಣಿಗೆ ಪೊರೆ ಬಂದಿತ್ತು. ಆ ಕಣ್ಣಿನಿಂದಲೇ ನನ್ನನ್ನು ನೋಡುತ್ತಿದ್ದಳು. ನೋಡಬೇಕಾದ್ದಕ್ಕೆ ಬಲಗಣ್ಣು ಇಟ್ಟುಕೊಂಡಿದ್ದಳು.

“ಇವ್ಳು ಬರಕಿಲ್ಲ ಮೇಡಮ್ಮೋರೆ,” ಎಂದಳು ಗಂಗಹನುಮಕ್ಕ. “ಸೀಟಿ ಅಂದ್ರೆ ಇವ್ಳಿಗೆ ಬಸ್ ಸ್ಟ್ಯಾಂಡು. ನೀವು ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ ಊದುದ್ರೆ ಎದ್ದೋಗ್ತೀರಾ?”

ಹನ್ನೆರಡು ದಿನ ಸೀಟಿ ಊದಿದೆವು. ಗಂಗಹನುಮಕ್ಕ ತನ್ನ ಬಾಯಿಂದಲೂ ಕೂಗಿ ನೋಡಿದಳು. ಯುಗಾದಿ ಬಂತು, ಹೋಯಿತು. ಹೋಳಿಗೆ ತಿಂದ ಜನ ಸ್ವೆಟರಿನಲ್ಲಿ ಬೆವೆತರು. ಶಾಲೆಯಲ್ಲಿ ಮಕ್ಕಳಿಗೆ ಮೂಗಿನಲ್ಲಿ ರಕ್ತ ಬಂತು. ತರಕಾರಿ ಮಾರುವ ಒಬ್ಬಾಕೆ ಸಂತೆಯಲ್ಲೇ ತಲೆಸುತ್ತಿ ಬಿದ್ದಳು. ಎತ್ತಿ ಕೂರಿಸಿದವರು ಮೊದಲು ಅವಳ ಸ್ವೆಟರ್ ಸರಿಯಾಗಿದೆಯೇ ಎಂದು ನೋಡಿ, ಆಮೇಲೆ ನೀರು ಕೊಟ್ಟರು. ನಾನು ಬೀದಿಯಲ್ಲಿ ನಡೆದರೆ ಎರಡೂ ಕಡೆಯಿಂದ ಜನ ಸುಮ್ಮನೆ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪುರಸಭೆಯ ಅಧ್ಯಕ್ಷ ಬೋರಲಿಂಗಯ್ಯ ನನ್ನ ಕೋಣೆಗೆ ಬಂದರು. ಅವರ ಕಷ್ಟ ಬೇರೆ. ಅವರ ತಾಯಿ ಸಿದ್ದಬಸಮ್ಮನಿಗೆ ಎಂಬತ್ತೊಂದು ವರ್ಷ. ಊರಿನಲ್ಲಿ ಇಡೀ ಸ್ವೆಟರ್ ತೊಡುತ್ತಿದ್ದ ಒಂದೇ ಜೀವ ಆಕೆ. ಮನೆಯೊಳಗೂ ತೆಗೆಯುತ್ತಿರಲಿಲ್ಲ. ಕಾನೂನನ್ನು ಬೆನ್ನಿಗೂ ತೊಟ್ಟವಳು.

“ಅಮ್ಮನ ಮೈ ತುಂಬ ಬೆವರುಸಾಲೆ ಮೇಡಂ. ತೆಗಿಯಮ್ಮ ಅಂದ್ರೆ, ‘ಅಧ್ಯಕ್ಷನ ತಾಯಿ ನಾನೇ ತೆಗೆದ್ರೆ ಊರು ಏನಂದೀತು, ನಿಂಗೆ ತಾಕತ್ತಿದ್ರೆ ಬೇಸಿಗೆ ತಗೊಂಬಾ’ ಅಂತ ದಿನಾ ಬೈತಾಳೆ. ಬಾಗಿಲು ತೆಗೆದುಬಿಡಿ. ಒಳಗೆ ಬರ್ತಾವೋ ಬಿಡ್ತಾವೋ ಆಮೇಲೆ ನೋಡ್ಕೊಂಡ್ರಾಯ್ತು.”

“ಕರೆದ್ರೆ ಬಾರದ ಪ್ರಾಣಿನ ಕಾಡಿಗೆ ಬಿಡೋಕಾಗಲ್ಲ ಸಾರ್. ಮರಿಗಳೂ ಇವೆ.”

“ಭಾನುವಾರದ ತನಕ ಟೈಮು. ಅಷ್ಟರಲ್ಲಿ ನಿಮ್ಮ ಪರೀಕ್ಷೆ ಮುಗೀಲಿ ಬಿಡ್ಲಿ, ಭಾನುವಾರ ನಾನೇ ಬಂದು ತೆಗಿತೀನಿ,” ಎಂದು ಎದ್ದರು. ತಿರುಗಿದಾಗ ಅವರ ಬೆನ್ನಿನ ಮೇಲೆ ಬರೀ ಲಾಡಿಗಳಿದ್ದವು.

ಅಂದು ಸೋಮವಾರ. ದೊಡ್ಡಮ್ಮಣ್ಣಿ ಯಾರ ಕೂಗಿಗೆ ಏಳುತ್ತಾಳೆಂಬುದು ನನಗೂ ಗೊತ್ತಿತ್ತು, ಗಂಗಹನುಮಕ್ಕನಿಗೂ ಗೊತ್ತಿತ್ತು. ಹನ್ನೆರಡು ದಿನದಿಂದ ಇಬ್ಬರೂ ಆ ಹೆಸರನ್ನು ಬಾಯಿಂದ ಹೊರಡಿಸದೆ ಸೀಟಿ ಊದುತ್ತಿದ್ದೆವು.

ಚೆನ್ನಿಗಪ್ಪ ಮೂವತ್ತಮೂರು ವರ್ಷ ಚಳಿಮನೆಯನ್ನು ನೋಡಿಕೊಂಡವರು. ಗಂಗಹನುಮಕ್ಕ ಬಂದ ಮೇಲೆ ಉಳಿದ ಕೆಲಸವೆಲ್ಲ ಅವಳದಾದರೂ ಕೂಗುವುದು ಮಾತ್ರ ಅವರದೇ ಆಗಿತ್ತು. ಆಗ ನಾನು ಅವರನ್ನು ‘ಏನಪ್ಪ, ಬಾರಪ್ಪ’ ಎನ್ನುತ್ತಿದ್ದೆ. ಬಹುವಚನ ಬಂದದ್ದು ಆಮೇಲೆ. ಹಿಂದಿನ ವರ್ಷ ಬೇಸಿಗೆಯಲ್ಲಿ ಮೇಲಿನಿಂದ ದೊಡ್ಡವರೊಬ್ಬರು ಬಳೆಬಾಲಗಳನ್ನು ನೋಡಲು ಬರುವವರಿದ್ದರು. ನಾಲ್ಕು ಗಂಟೆಗೆ ಫೋಟೋ. ಮೂರೂವರೆಗೆ ಚೆನ್ನಿಗಪ್ಪ ಎಲ್ಲವನ್ನೂ ಕೂಗಿ ಒಳಗೆ ಸೇರಿಸಿಬಿಟ್ಟರು. ಪೂರ್ವದ ಬೇಲಿಯ ಮೇಲೆ ಅತ್ತಿಮರದ ದೊಡ್ಡ ಕೊಂಬೆ ಮುರಿದು ಬಿದ್ದು, ತಂತಿ ಹರಿದು, ಒಳಗಿನಿಂದ ಹೊರಗೆ ಏಣಿ ಇಟ್ಟ ಹಾಗಾಗಿತ್ತು. ನನ್ನನ್ನು ಕರೆದು ತೋರಿಸಿದರು. ಕಣ್ಣಾರೆ ನೋಡಿದೆ. ಆ ಕೊಂಬೆ ಬೀಳುತ್ತದೆ, ಕಡಿಸಿ ಎಂದು ಅವರು ನನಗೆ ಎರಡು ಸಲ ಹೇಳಿದ್ದರು. ನಾನು ಎರಡು ಸಲವೂ “ನಾಳೆ ನೋಡೋಣ” ಎಂದಿದ್ದೆ.

ಬಂದವರು ಖಾಲಿ ಮರಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು. ಮರುದಿನ ಬೋರಲಿಂಗಯ್ಯ ವರದಿ ಕೇಳಿದರು. ನಾನು ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಒಂದೂವರೆ ಪುಟದ ಆ ವರದಿಯಲ್ಲಿ ದಿನಾಂಕವಿತ್ತು, ವೇಳೆಯಿತ್ತು, ಹವಾಮಾನವೂ ಇತ್ತು. ಕೊಂಬೆ ಮಾತ್ರ ಇರಲಿಲ್ಲ. ‘ವಯೋಸಹಜ ಮರೆವಿನಿಂದ ವೇಳೆ ತಪ್ಪಿ ಕೂಗಿರುತ್ತಾರೆ’ ಎಂದು ಮುಗಿಸಿದ್ದೆ. ಹನ್ನೊಂದು ಮಂದಿ ಸದಸ್ಯರು ಸಹಿ ಹಾಕಿದರು. ಚೆನ್ನಿಗಪ್ಪನನ್ನು ಕೆಲಸದಿಂದ ಬಿಡಿಸಿದ ಆದೇಶವನ್ನು ಮೂರು ದಾರಿ ಕೂಡುವಲ್ಲಿ ಪುರಸಭೆಯ ಫಲಕಕ್ಕೆ ಅಂಟಿಸಿದರು. ಊರೆಲ್ಲ ಓದಿತು. ಅಂದಿನಿಂದ ಅಂಗಡಿಯವರು ಅವರಿಗೆ ಸಾಮಾನು ಕೊಟ್ಟು, “ಏನೇನು ತಗೊಂಡ್ರಿ ಹೇಳಿ ನೋಡೋಣ” ಎಂದು ತಮಾಷೆ ಮಾಡುತ್ತಿದ್ದರಂತೆ.

ಮಂಗಳವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಹಿಟ್ಟಿನ ಗಿರಣಿಯ ಹಿಂದೆ ಒಂದು ಕೋಣೆ, ಮುಂದೆ ತಗಡಿನ ಚಪ್ಪರ. ಚಪ್ಪರದಡಿ ಕುಳಿತು ಹಳೆಯ ಸ್ವೆಟರೊಂದರ ಬೆನ್ನನ್ನು ಕತ್ತರಿಯಿಂದ ಬಿಡಿಸುತ್ತಿದ್ದರು. ಊರಿಗೆಲ್ಲ ಮುಂಗಡೆ ಸ್ವೆಟರ್ ಮಾಡಿಕೊಡುವ ಕೆಲಸ ಹಿಡಿದಿದ್ದರು. ನಾನು ಬೇಸಿಗೆಯನ್ನು ತಡಮಾಡಿದಷ್ಟೂ ಅವರಿಗೆ ಕೆಲಸ.

“ನಮಸ್ಕಾರ ಚೆನ್ನಿಗಪ್ಪನವರೆ.”

ಅವರು ತಲೆಯೆತ್ತಿ ಬಹಳ ಹೊತ್ತು ನೋಡಿದರು. “ಯಾರು?” ಎಂದರು. “ಗ್ಯಾಪಕ ಬತ್ತಿಲ್ಲ. ನಂಗೆ ಮರೆವು ನೋಡಿ. ಪುರಸಭೇಲಿ ಬರ್ದು ಅಂಟಿಸವ್ರೆ.”

ದೊಡ್ಡಮ್ಮಣ್ಣಿ ಬರುತ್ತಿಲ್ಲ ಎಂದೆ. ಮಕ್ಕಳ ಮೂಗಿನಲ್ಲಿ ರಕ್ತ ಬರುತ್ತಿದೆ ಎಂದೆ. ಭಾನುವಾರ ಅಧ್ಯಕ್ಷರು ತಾವೇ ಬಂದು ಬಾಗಿಲು ತೆಗೆಯುತ್ತಾರೆ, ಕರೆದರೆ ಬಾರದ ಮರಿಗಳು ಕಾಡು ಸೇರುತ್ತವೆ ಎಂದೆ. ಮರಿ ಎಂದಾಗ ಕತ್ತರಿ ನಿಂತಿತು.

“ಎಷ್ಟು ಮರಿ?”

“ಎರಡು. ಒಂದು ಪುಟ್ಟತಾಯಿದು, ಒಂದು ಸಣ್ಣಮ್ಮಂದು. ಇನ್ನೂ ತಾಯಿ ಹೊಟ್ಟೆಗೆ ಅಪ್ಪಿಕೊಂಡೇ ಇವೆ, ಲೆಕ್ಕಕ್ಕೂ ಹಿಡಿದಿಲ್ಲ.”

“ಸಣ್ಣಮ್ಮ ಮರಿ ಹಾಕುದ್ಲಾ?” ಅವರ ಮುಖದಲ್ಲಿ ಏನೋ ಸಡಿಲವಾಯಿತು, ತಕ್ಷಣ ಬಿಗಿದುಕೊಂಡಿತು. “ಅವತ್ತು ಗೇಟಲ್ಲೇ ಬೀಗದ ಕೈ ಈಸ್ಕಂಡ್ರಿ. ಒಳಕ್ಕೋಗಿ ಒಂದ್ ಮಾತೇಳಿ ಬತ್ತೀನಿ ಅಂದೆ. ‘ನಾಳೆ ನೋಡೋಣ’ ಅಂದ್ರಿ. ಅವಳು ಜಾಲ್ರಿ ಹತ್ರ ಕುಂತು ನೋಡ್ತಾ ಇದ್ಲು. ಮೂವತ್ಮೂರು ವರ್ಸ ಹೇಳ್ದೆ ಹೋದೋನಲ್ಲ ನಾನು.”

ನಾನು ತಪ್ಪಾಯಿತು ಎಂದೆ. ಅಧ್ಯಕ್ಷರಿಗೆ ಹೇಳಿ ಮತ್ತೆ ಕೆಲಸ ಕೊಡಿಸುತ್ತೇನೆ ಎಂದೆ. ಸನ್ಮಾನ ಮಾಡಿಸುತ್ತೇನೆ, ಶಾಲು ಹೊದಿಸುತ್ತೇನೆ ಎಂದೂ ಬಾಯಿತಪ್ಪಿ ಹೇಳಿದೆ. ಆ ಸೆಕೆಯಲ್ಲಿ ಶಾಲು!

“ಕೆಲ್ಸ ಬ್ಯಾಡ, ಶಾಲೂ ಬ್ಯಾಡ,” ಎಂದರು ಚೆನ್ನಿಗಪ್ಪ. “ಕೂಗ್ತೀನಿ. ಮರಿ ಇದಾವೆ ಅಂತ ಕೂಗ್ತೀನಿ. ಆದ್ರೆ ಎಲ್ಲಿ ಅಂಟಿಸಿದ್ರೋ ಅಲ್ಲೇ ಇನ್ನೊಂದು ಕಾಗ್ದ ಅಂಟಿಸ್ಬೇಕು. ಕೊಂಬೆ ಬಿದ್ದಿತ್ತು ಅಂತ. ನಿಮ್ ಅಕ್ಸರದಲ್ಲೇ.”

“ಅದನ್ನು ಬರೆದರೆ ನನ್ನ ಕೆಲಸ ಹೋಗುತ್ತೆ ಚೆನ್ನಿಗಪ್ಪನವರೆ.”

“ನಂದೂ ಹೋಯ್ತಲ್ಲ,” ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ನನಗೆ ಗೊತ್ತಿಲ್ಲದ ಸುದ್ದಿಯನ್ನು ತಿಳಿಸುವ ಹಾಗೆ ಹೇಳಿ, ಮತ್ತೆ ಕತ್ತರಿ ಹಿಡಿದರು.

ಮನೆಗೆ ಬಂದು ನಾನು ಬಹಳ ಜಾಣತನದ ಯೋಚನೆಗಳನ್ನು ಮಾಡಿದೆ. ‘ಕೊಂಬೆಯಂಥದ್ದೇನೋ ಇದ್ದಿರಬಹುದು’ ಎಂದು ಬರೆಯಬಹುದಿತ್ತು. ‘ಹೊಸದಾಗಿ ಬೆಳಕಿಗೆ ಬಂದ ಅಂಶಗಳ ಹಿನ್ನೆಲೆಯಲ್ಲಿ’ ಎಂದು ಶುರುಮಾಡಿ ಯಾರ ಹೆಸರೂ ಬಾರದಂತೆ ಎರಡು ಪುಟ ತುಂಬಿಸಬಹುದಿತ್ತು. ಹಾಗೆ ನಾಲ್ಕು ಕರಡು ಬರೆದೆ. ನಾಲ್ಕೂ ಅಂದವಾಗಿದ್ದವು. ಐದನೆಯದನ್ನು ಆರು ಸಾಲಿನಲ್ಲಿ ಬರೆದೆ. ಕೊಂಬೆ ಬಿದ್ದಿತ್ತು. ನಾನು ನೋಡಿದೆ. ಕಡಿಸಬೇಕಾದವಳು ನಾನು, ಕಡಿಸಲಿಲ್ಲ. ಚೆನ್ನಿಗಪ್ಪನವರು ಕೂಗಿದ್ದರಿಂದ ಹದಿನಾಲ್ಕು ಪ್ರಾಣಿ ಉಳಿದವು. ಅವರಿಗೆ ಮರೆವಿಲ್ಲ. ನಾನು ಸುಳ್ಳು ಬರೆದೆ. ಓದಿದರೆ ಶಾಲೆಯ ಮಗು ಬರೆದ ಹಾಗಿತ್ತು.

ಬುಧವಾರದ ಸಭೆಯಲ್ಲಿ ಓದಿದೆ. ಹನ್ನೊಂದು ಜನರೂ ಮುಂಗಡೆ ಸ್ವೆಟರ್ ತೊಟ್ಟು ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದರು. ಬೋರಲಿಂಗಯ್ಯ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

“ನೋಡಿ ಮೇಡಂ, ಹೋದ ವರ್ಷದ್ದು ಸುಳ್ಳು ಅಂದ್ರೆ ಸುಳ್ಳಿಗೆ ನಾವು ಹನ್ನೊಂದು ಜನ ಸಹಿ ಹಾಕಿದ ಹಾಗಾಗುತ್ತೆ. ಅದು ಸಾಧ್ಯ ಇಲ್ಲ.”

“ಸಾಧ್ಯ ಆಗಿದೆ ಸಾರ್. ಸಹಿಗಳು ಇಲ್ಲೇ ಇವೆ.”

ಅವರು ಒಂದು ಗಂಟೆ ಚರ್ಚೆ ಮಾಡಿ ದಾರಿ ಕಂಡುಕೊಂಡರು. ಪುರಸಭೆ ಯಾವಾಗಲೂ ದಾರಿ ಕಂಡುಕೊಳ್ಳುತ್ತದೆ. ಬೇಸಿಗೆ ಅಧಿಕಾರಿಯವರಿಗೆ ಹೋದ ವರ್ಷ ಕೊಂಬೆ ಕಂಡದ್ದು ಮರೆತುಹೋಗಿತ್ತು, ಈ ವರ್ಷ ನೆನಪಾಗಿದೆ. ಇಷ್ಟು ಮರೆವಿರುವವರ ಕೈಯಲ್ಲಿ ಋತುಗಳನ್ನು ಇಡುವುದು ಸರಿಯಲ್ಲ. ಈ ವರ್ಷದ ಬೇಸಿಗೆ ಆರಂಭವಾದ ಕೂಡಲೇ ಅವರನ್ನು ಬಿಡುಗಡೆಗೊಳಿಸಲಾಗುವುದು. ಹನ್ನೊಂದು ಸಹಿ ಬಿದ್ದವು. ನನಗೆ ಐವತ್ತೆರಡು ವರ್ಷ. ವಯೋಸಹಜ ಎಂಬ ಮಾತನ್ನು ಅವರು ಬರೆಯಲಿಲ್ಲ, ಅದು ಅವರ ದೊಡ್ಡತನ.

ಆರು ಸಾಲಿನ ಕಾಗದವನ್ನು ನಾನೇ ಒಯ್ದು ಫಲಕಕ್ಕೆ ಅಂಟಿಸಿದೆ. ಗೋಂದಿನ ಬಾಟಲಿ ಹಿಡಿದುಕೊಂಡು ಗಂಗಹನುಮಕ್ಕ ಪಕ್ಕದಲ್ಲಿ ನಿಂತಿದ್ದಳು. ಅವಳಿಗೆ ಓದಲು ಬರುತ್ತದೆ, ಆದರೂ “ಏನ್ ಬರ್ದೀರಾ ಓದಿ” ಎಂದಳು. ನಡುಬೀದಿಯಲ್ಲಿ ಜೋರಾಗಿ ಓದಿದೆ. ಮಜ್ಜಿಗೆಯವನು, ಪೇದೆ, ಸಂತೆಯಲ್ಲಿ ತಲೆಸುತ್ತಿ ಬಿದ್ದಿದ್ದ ತರಕಾರಿಯವಳು, ಇನ್ನೂ ಹತ್ತಾರು ಜನ ನಿಂತು ಕೇಳಿದರು. ತರಕಾರಿಯವಳು, “ಹಂಗಾರೆ ನಾನು ಬಿದ್ದಿದ್ದು ನಿಮ್ ಕೊಂಬೆಯಿಂದ” ಎಂದಳು. ಲೆಕ್ಕ ಸರಿಯಾಗಿಯೇ ಇತ್ತು.

ಗುರುವಾರ ಚೆನ್ನಿಗಪ್ಪ ಬಂದರು. ಒಗೆದ ಪಂಚೆ, ಹಳೆಯ ಖಾಕಿ ಅಂಗಿ. ನನ್ನ ಕಡೆ ನೋಡದೆ ಅಂಗಳದ ಜಾಲರಿಯ ಬಳಿಗೆ ಹೋದರು. ದೊಡ್ಡಮ್ಮಣ್ಣಿ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದಳು. ಅವರು ಎರಡೂ ಕೈಯನ್ನು ಬಾಯಿಯ ಸುತ್ತ ಇಟ್ಟುಕೊಂಡು ಕೂಗಿದರು: “ಓ ಅವ್ವಯ್ಯಾ... ಬಾರವ್ವಾ...” ಅದು ದೊಡ್ಡ ಕೂಗೇನೂ ಅಲ್ಲ, ಹಿತ್ತಿಲಲ್ಲಿರುವ ಅಕ್ಕನನ್ನು ಊಟಕ್ಕೆ ಕರೆದ ಹಾಗಿತ್ತು. ಗಂಡುಗಳು ಕಿವಿ ನಿಮಿರಿಸಿದವು. ಸಣ್ಣಮ್ಮ ಹೊಟ್ಟೆಗೆ ಮರಿ ಅಪ್ಪಿಕೊಂಡು ಅರ್ಧ ಎದ್ದಳು. ದೊಡ್ಡಮ್ಮಣ್ಣಿ ನಿಧಾನವಾಗಿ ತಿರುಗಿ, ಚೆನ್ನಿಗಪ್ಪನಿಗೆ ಬೆನ್ನು ಮಾಡಿ ಕುಳಿತಳು. ಸಣ್ಣಮ್ಮ ಮತ್ತೆ ಕುಳಿತಳು.

ಕೆಲಸವೂ ಹೋಯಿತು, ಬೇಸಿಗೆಯೂ ಬರಲಿಲ್ಲ.

“ಮರೆತುಬಿಟ್ಲಾ?” ಎಂದು ಗಂಗಹನುಮಕ್ಕ ಪಿಸುಗುಟ್ಟಿದಳು.

“ಮರೆತೋಳು ಬೆನ್ನು ಮಾಡಕಿಲ್ಲ,” ಎಂದರು ಚೆನ್ನಿಗಪ್ಪ. “ಕ್ವಾಪ. ಹೇಳ್ದೆ ಹೋದ್ನಲ್ಲ.”

ಅವರು ಮತ್ತೆ ಕೂಗಲಿಲ್ಲ. ಜಾಲರಿಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟರು. ಗಂಟೆ ಹತ್ತಾಯಿತು, ಹನ್ನೆರಡಾಯಿತು. ಬಿಸಿಲು ನೆತ್ತಿಗೆ ಬಂತು. ಗಂಗಹನುಮಕ್ಕ ರಾಗಿ ಅಂಬಲಿ ತಂದುಕೊಟ್ಟಳು. ಅವರು ಕುಡಿದು, ಮೆಲ್ಲಗೆ ಮಾತಾಡತೊಡಗಿದರು. ನಮ್ಮೊಂದಿಗಲ್ಲ. ಗಿರಣಿಯ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದರು. ಸ್ವೆಟರ್ ಕತ್ತರಿಸಿ ಬೆರಳು ಬಾವು ಬಂದಿದೆ ಎಂದರು. ಎಡಗಣ್ಣು ಯಾವಾಗ ಹೀಗಾಯಿತು, ಯಾರೂ ಔಷಧ ಹಾಕಲಿಲ್ಲವಾ ಎಂದು ಕೇಳಿದರು. ಡಾಕ್ಟರ್ ಮುನೀರಾ ಅಲ್ಲೇ ನಿಂತಿದ್ದವರು ಪೆಟ್ಟಿಗೆ ತೆರೆದು ಏನೋ ಹುಡುಕುವವರಂತೆ ತಲೆ ಬಗ್ಗಿಸಿಕೊಂಡರು. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಮೂರು ಗಂಟೆಯ ಸುಮಾರಿಗೆ ದೊಡ್ಡಮ್ಮಣ್ಣಿ ಕಟ್ಟೆಯಿಂದ ಇಳಿದಳು. ಅವಳಿಗೆ ಸಂಧಿವಾತ, ಒಂದೊಂದೇ ಕಾಲು ಇಟ್ಟು ಬಂದಳು. ಬಂದು, ಚೆನ್ನಿಗಪ್ಪ ಒರಗಿದ್ದ ಜಾಗದಲ್ಲಿ ಜಾಲರಿಯ ಆಚೆಗೆ, ತನ್ನ ಬೆನ್ನನ್ನು ಅವರ ಬೆನ್ನಿಗೆ ಹಚ್ಚಿ ಕುಳಿತಳು. ಮುಖ ಇನ್ನೂ ಆ ಕಡೆಗೇ. ಅವರು ತಿರುಗಿ ನೋಡಲಿಲ್ಲ. ಇಬ್ಬರೂ ಹಾಗೆಯೇ ಒಂದಷ್ಟು ಹೊತ್ತು ಕುಳಿತಿದ್ದರು. ಆಮೇಲೆ ಚೆನ್ನಿಗಪ್ಪ ಎದ್ದು, ಚಳಿಮನೆಯ ಬಾಗಿಲಿನ ಹತ್ತಿರ ಹೋಗಿ ನಿಂತು, ಮೊದಲಿನಷ್ಟೇ ಮೆಲ್ಲಗೆ ಕೂಗಿದರು. ಅವಳು ಎದ್ದಳು. ಬಾಲ ನೆಟ್ಟಗೆ ಎತ್ತಿಕೊಂಡು ಒಳಗೆ ನಡೆದಳು. ಅವಳ ಹಿಂದೆ ಎಂಟು ಬಾಲಗಳು ಎದ್ದವು, ಅವುಗಳ ಹಿಂದೆ ಗಂಡುಗಳವು ಐದು. ಗಂಗಹನುಮಕ್ಕ ಎಣಿಸುತ್ತಾ ಎಣಿಸುತ್ತಾ ಹದಿನಾಲ್ಕಕ್ಕೆ ಬಂದಾಗ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಶುಕ್ರವಾರ ಬಂದವು. ಶನಿವಾರವೂ ಬಂದವು. ಭಾನುವಾರ ಬೆಳಿಗ್ಗೆ ನಾನು ನನ್ನ ಕಡೆಯ ಆದೇಶಕ್ಕೆ ಮೂರು ಪ್ರತಿಗಳಲ್ಲಿ ಸಹಿ ಹಾಕಿದೆ. ಬೇಲಿಯ ಹೊರಗೆ ಇಡೀ ಊರು ಸೇರಿತ್ತು. ಬೋರಲಿಂಗಯ್ಯ ಭಾಷಣ ಬರೆದುಕೊಂಡು ಬಂದಿದ್ದರು, ಈ ಬೇಸಿಗೆ ತಮ್ಮ ಆಡಳಿತದ ಸಾಧನೆ ಎಂದು. ಸಿದ್ದಬಸಮ್ಮ ಇಡೀ ಸ್ವೆಟರಿನಲ್ಲಿ ಕುರ್ಚಿಯ ಮೇಲೆ ಕೆಂಪಗೆ ಕುಳಿತಿದ್ದರು. ಗಂಗಹನುಮಕ್ಕ ಕಾಡಿನ ಬಾಗಿಲು ಎಳೆದಳು.

ದೊಡ್ಡಮ್ಮಣ್ಣಿ ಹೊಸ್ತಿಲಲ್ಲಿ ನಿಂತು ಮೂಗು ಎತ್ತಿದಳು. ಐದು ತಿಂಗಳ ಮೇಲೆ ಕಾಡಿನ ಮಣ್ಣಿನ ವಾಸನೆ. ಒಂದು ಕೈ ಮುಂದಿಟ್ಟು ನೆಲ ಮುಟ್ಟಿ ನೋಡಿದಳು. ಆಮೇಲೆ ಇಪ್ಪತ್ತಮೂರು ವರ್ಷದ ಆ ಮುದುಕಿ ಒಂದೇ ನೆಗೆತಕ್ಕೆ ಹತ್ತಿರದ ಮರದ ಕವಲು ಹಿಡಿದಳು. ಉಳಿದವು ಪಕ್ಕದಿಂದ ಪಕ್ಕಕ್ಕೆ ಕುಪ್ಪಳಿಸುತ್ತಾ ಹೊರಗೆ ನುಗ್ಗಿದವು. ಭಾಷಣ ಶುರುವಾಗುವ ಮೊದಲೇ ಊರು ಸ್ವೆಟರ್ ಬಿಚ್ಚಿ ಎಸೆಯಿತು. ಸಿದ್ದಬಸಮ್ಮ ತಮ್ಮದನ್ನು ತಲೆಯ ಮೇಲಿಂದ ಎಳೆದು ಮಗನ ಮುಖಕ್ಕೆ ಒಗೆದರು. “ಈಗ ಮಾತಾಡು,” ಎಂದರು. ಬೋರಲಿಂಗಯ್ಯ ಭಾಷಣದ ಕಾಗದವನ್ನು ಮಡಿಸಿ ಜೇಬಿಗಿಟ್ಟರು.

ಮಧ್ಯಾಹ್ನ ನನ್ನ ಮೇಜಿನ ಹಲಗೆಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಚೆನ್ನಿಗಪ್ಪನನ್ನು ಮತ್ತೆ ಕೆಲಸಕ್ಕೆ ಕರೆದರಂತೆ. ಅವರು ಬೇಡ ಎಂದರು. ಗಂಗಹನುಮಕ್ಕನಿಗೆ ಕೂಗು ಕಲಿಸುವುದಕ್ಕೆ ಮಾತ್ರ ಬರುತ್ತೇನೆ, ದೊಡ್ಡಮ್ಮಣ್ಣಿ ಇವಳನ್ನು ಒಪ್ಪುವ ತನಕ ಎಂದರಂತೆ.

ಕೆಲಸವಿಲ್ಲದವರಿಗೆ ಬೆಳಗು ಉದ್ದ. ಮೂರು ವಾರ ಮನೆಯಲ್ಲಿ ಕುಳಿತಿದ್ದು, ಒಂದು ದಿನ ಬೇಲಿಕಾಡಿನ ಕಡೆ ಹೋದೆ. ನೋಡಲು ಬಂದವರಿಗೆಂದು ಹಾಕಿದ ಕಲ್ಲುಬೆಂಚಿನ ಒಂದು ತುದಿಯಲ್ಲಿ ಚೆನ್ನಿಗಪ್ಪ ಕುಳಿತಿದ್ದರು. ಇನ್ನೊಂದು ತುದಿಯಲ್ಲಿ ನಾನು ನಿಂತೆ. ಕಾಡಿನೊಳಗಿಂದ ಗಂಗಹನುಮಕ್ಕನ ಕೂಗು ಕೇಳುತ್ತಿತ್ತು. ಅವರು ತಲೆ ಅಲ್ಲಾಡಿಸುತ್ತಾ, “ಎಳೀಬಾರ್ದು, ಎಳೀಬಾರ್ದು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ನಾನು ಕೇಳಿದೆ: “ನನ್ನನ್ನು ಕ್ಷಮಿಸಿದ್ದೀರಾ ಚೆನ್ನಿಗಪ್ಪನವರೆ?”

“ಇಲ್ಲ ಕಣವ್ವ,” ಎಂದರು ತಕ್ಷಣ. ಯೋಚಿಸಿ ಇಟ್ಟುಕೊಂಡಿದ್ದ ಉತ್ತರವಿರಬೇಕು. “ಇನ್ನೂ ಇಲ್ಲ.”

ಅಷ್ಟರಲ್ಲಿ ಎದುರಿನ ಹೊಂಗೆಮರದ ಕೆಳಗೊಂಬೆಯಿಂದ ಸಣ್ಣಮ್ಮನ ಮರಿ ಜಾರಿ ತರಗೆಲೆಯ ಮೇಲೆ ಬಿತ್ತು. ನಾವಿಬ್ಬರೂ ಒಟ್ಟಿಗೇ ಮುಂದೆ ಬಗ್ಗಿ, ಕರೆಂಟು ಬೇಲಿಯ ಈಚೆಗೆ ಹಾಕಿದ ಮರದ ಅಡ್ಡಪಟ್ಟಿಯನ್ನು ಹಿಡಿದೆವು. ಮರಿ ಒಂದು ಕ್ಷಣ ಅಲ್ಲಾಡಲಿಲ್ಲ. ಆಮೇಲೆ ಎದ್ದು ಕುಳಿತು, ತನ್ನಷ್ಟೇ ದೊಡ್ಡದಾದ ಒಣಗಿದ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ, ಮೂಸಿ, ಕಚ್ಚಿ, ಮುಖ ಸಿಂಡರಿಸಿ ಉಗುಳತೊಡಗಿತು. ಚೆನ್ನಿಗಪ್ಪನ ಉಸಿರು ಹೊರಗೆ ಬಂದದ್ದು ನನಗೆ ಕೇಳಿಸಿತು.

ಅವರು ಹಿಂದೆ ಸರಿದು ಬೆಂಚಿನ ಮೇಲೆ ಕುಳಿತರು. ಹೆಗಲ ಮೇಲಿನ ಟವೆಲಿನಿಂದ ಪಕ್ಕದ ಕಲ್ಲಿನ ಧೂಳು ಒರೆಸಿದರು.

“ಎಷ್ಟೊತ್ತು ನಿಂತ್ಕತೀಯ,” ಎಂದರು. “ಕೂತ್ಕೊ.”